ಬೆಂಗಳೂರಿನ ಹೊರವಲಯದಲ್ಲಿ ಸಂಸಾರ ಹೂಡೋಕೆ ಏರಿಯಾ ಆರಿಸೋದು ಹೇಗೆ

ಲಾಭಕ್ಕೆ ಸೈಟ್ ತಗೊಳ್ಳೋ ಲೆಕ್ಕ ಬೇರೆ, ಮಕ್ಕಳನ್ನ ಕಟ್ಕೊಂಡು ಸಂಸಾರ ಹೂಡೋ ಲೆಕ್ಕ ಬೇರೆ. ಬ್ರೋಕರ್ ಇವೆರಡನ್ನೂ ಬೇಕಂತಲೇ ಕಲಸ್ತಾನೆ, "ಸಾರ್ ಇನ್ನೈದು ವರ್ಷದಲ್ಲಿ ರೇಟ್ ಡಬಲ್" ಅಂತಾನೆ. ಆ ಐದು ವರ್ಷ ನಿಮ್ಮ ಮಗು ಯಾವ ಸ್ಕೂಲಿಗೆ ಹೋಗ್ಬೇಕು, ನಲ್ಲೀಲಿ ಏನು ಬರುತ್ತೆ, ರಾತ್ರಿ ಎರಡು ಗಂಟೆಗೆ ಜ್ವರ ಏರಿದ್ರೆ ಎತ್ಕೊಂಡು ಎಲ್ಲಿಗೆ ಓಡ್ಬೇಕು ಅನ್ನೋದು ಅವನ ಬ್ರೋಷರಲ್ಲಿ ಇರಲ್ಲ, ಅದನ್ನ ನಾವೇ ಹುಡುಕ್ಬೇಕು.

ನನ್ನ ಅಳತೆ ಒಂದೇ. ಆ ಏರಿಯಾದಲ್ಲಿ ದಿನವಿಡೀ ಇರೋರು ಯಾರು, ಅವರ ಒಂದು ಮಾಮೂಲಿ ಮಂಗಳವಾರ ಹೇಗೆ ಕಳೆಯುತ್ತೆ? ಆಫೀಸಿಗೆ ಹೋಗೋರು ಬೆಳಗ್ಗೆ ಎಂಟಕ್ಕೆ ಹೊರಟ್ರೆ ರಾತ್ರಿ ಎಂಟಕ್ಕೆ ಬರ್ತಾರೆ, ಅವರಿಗೆ ಏರಿಯಾ ಅಂದ್ರೆ ಪಾರ್ಕಿಂಗು ಮತ್ತೆ ಹಾಸಿಗೆ, ಅಷ್ಟೇ. ಮಿಕ್ಕ ಹೊತ್ತೆಲ್ಲ ಅಲ್ಲಿ ಇರೋರು ಮಗು, ಮಗು ನೋಡ್ಕೊಳ್ಳೋರು, ಊರಿಂದ ಬಂದಿರೋ ಅಪ್ಪ ಅಮ್ಮ. ಆದ್ರೆ ಏರಿಯಾ ಆರಿಸೋರು ಮಾತ್ರ ಆಫೀಸಿನವರು, ಅದೂ ಭಾನುವಾರ ಹನ್ನೊಂದು ಗಂಟೆಗೆ ರೋಡೆಲ್ಲಾ ಖಾಲಿ ಇರೋವಾಗ ಕಾರಲ್ಲಿ ಹೋಗಿ ನೋಡ್ಕೊಂಡು ಬಂದು.

ಹಂಗಾಗಿ ಹುಡುಕಾಟ ಆಫೀಸಿಂದ ಶುರು ಮಾಡ್ಬೇಡಿ, ಸ್ಕೂಲಿಂದ ಶುರು ಮಾಡಿ. ಹತ್ತು ವರ್ಷದಲ್ಲಿ ಕೆಲಸ ನಾಲ್ಕು ಸಲ ಬದಲಾಗ್ಬಹುದು, ಸ್ಕೂಲನ್ನ ಹಂಗೆ ಬದಲಾಯಿಸೋಕೆ ಆಗಲ್ಲ. ಎರಡು ಮೂರು ಸ್ಕೂಲ್ ಗುರುತು ಹಾಕ್ಕೊಳ್ಳಿ, ಅಲ್ಲಿಂದ ಅರ್ಧ ಗಂಟೆ ಒಳಗಿನ ವ್ಯಾನ್ ದೂರದಲ್ಲಿ ಮನೆ ಹುಡುಕಿ. ಈ ಅರ್ಧ ಗಂಟೆ ಮ್ಯಾಪ್ ಹೇಳೋ ಅರ್ಧ ಗಂಟೆ ಅಲ್ಲ, ವ್ಯಾನ್ ಹತ್ತು ಮನೆ ಮುಂದೆ ನಿಂತು ನಿಂತು ಹೋಗುತ್ತೆ. ನೀವು ನೋಡ್ತಿರೋ ಲೇಔಟಿನ ಗೇಟ್ ಹತ್ರ ಒಂದು ದಿನ ಬೆಳಗ್ಗೆ ಏಳಕ್ಕೆ ಹೋಗಿ ನಿಂತ್ಕೊಳ್ಳಿ, ಯಾವ ಸ್ಕೂಲಿನ ಬಸ್ಸು ಎಷ್ಟೊತ್ತಿಗೆ ಬರುತ್ತೆ ನೋಡಿ. ಒಳಗೆ ಯೂಕೆಜಿ ಮಕ್ಕಳು ಬ್ಯಾಗ್ ತಬ್ಕೊಂಡು ಬಾಯಿ ತೆರ್ಕೊಂಡು ನಿದ್ದೆ ಹೊಡೀತಿದ್ರೆ ಆ ಸ್ಕೂಲು ದೂರ ಅಂತ ಲೆಕ್ಕ, ಬೇರೆ ಯಾರನ್ನೂ ಕೇಳೋದೇ ಬೇಡ. ಇನ್ನೊಂದು ವಿಷಯ, ಬೋರ್ಡಲ್ಲಿ ಸಿಬಿಎಸ್ಇ ಅಂತ ಬರ್ದಿದ್ರೆ ಅಫಿಲಿಯೇಷನ್ (ಬೋರ್ಡಿನ ಮಾನ್ಯತೆ) ನಂಬರ್ ಕೇಳಿ, ಸಿಬಿಎಸ್ಇ ವೆಬ್‌ಸೈಟಲ್ಲಿ ಹಾಕಿ ನೋಡಿ. ಸ್ಟೇಟ್ ಸಿಲಬಸ್ ಪರ್ಮಿಷನ್ ಇಟ್ಕೊಂಡು ಸಿಬಿಎಸ್ಇ ಫೀಸ್ ತಗೊಳ್ಳೋ ಸ್ಕೂಲ್‌ಗಳು ಹೊರವಲಯದಲ್ಲಿ ಇವೆ, ಅದು ಗೊತ್ತಾಗೋದು ಮಗು ಬೋರ್ಡ್ ಎಕ್ಸಾಮ್ ಹತ್ರ ಬಂದಾಗ.

ಎರಡನೇದು ನೀರು. ನಿಜ ಹೇಳ್ಬೇಕಂದ್ರೆ ಇದೇ ಮೊದಲನೇದು ಆಗ್ಬೇಕಿತ್ತೇನೋ. 2024ರ ಬೇಸಿಗೇಲಿ ಬೋರ್‌ವೆಲ್ ಒಣಗಿ ಹೊರಗಿನ ಬಡಾವಣೆಗಳು ಪಟ್ಟ ಪಾಡು ಎಲ್ರೂ ನೋಡಿದ್ದೇ. 2007ರಲ್ಲಿ ಬಿಬಿಎಂಪಿ ಆದಾಗ ಸೇರಿಸ್ಕೊಂಡ 110 ಹಳ್ಳಿಗಳಿಗೆ ಅಂತ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯ್ತು, ದಿನಕ್ಕೆ 77.5 ಕೋಟಿ ಲೀಟರ್ (775 ಎಂಎಲ್‌ಡಿ) ನೀರಿನ ಯೋಜನೆ. ಹಾಗಂತ ಮಹದೇವಪುರದ ಕಡೆ, ಬೊಮ್ಮನಹಳ್ಳಿ ಕಡೆ, ಬ್ಯಾಟರಾಯನಪುರದ ಕಡೆ ಪ್ರತಿ ಮನೆಗೂ ನೀರು ಬಂತು ಅಂದ್ಕೋಬೇಡಿ. ರೋಡಲ್ಲಿ ಪೈಪ್ ಇರೋದು ಬೇರೆ, ಬಿಲ್ಡಿಂಗಿಗೆ ಕನೆಕ್ಷನ್ ಇರೋದು ಬೇರೆ, ಕನೆಕ್ಷನ್ ಇದ್ದು ನೀರು ಬರೋದು ಮೂರನೇದು. "ಕಾವೇರಿ ಇದೆ" ಅಂತ ಓನರ್ ಅಂದ್ರೆ "ಜಲಮಂಡಳಿ ಬಿಲ್ ತೋರ್ಸಿ ಸಾರ್" ಅನ್ನಿ, ಆರ್‌ಆರ್ ನಂಬರ್, ಅಂದ್ರೆ ಕನೆಕ್ಷನ್ ನಂಬರ್, ಇರೋ ಬಿಲ್ ಕೈಗೆ ಬಂದ್ರೆ ಸರಿ, "ಅಪ್ಲೈ ಮಾಡಿದ್ದೀವಿ" ಅಂದ್ರೆ ಇಲ್ಲ ಅಂತಾನೇ ಅರ್ಥ.

ಓನರ್ ಮಾತಿಗಿಂತ ಏರಿಯಾದಲ್ಲಿ ಐರನ್ ಮಾಡೋರು, ಪ್ರಾವಿಷನ್ ಸ್ಟೋರ್‌ನವರು, ಪಕ್ಕದ ಬಿಲ್ಡಿಂಗಿನ ವಾಚ್‌ಮನ್, ಇವರ ಮಾತು ಗಟ್ಟಿ. "ಅಣ್ಣ ಇಲ್ಲಿ ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ತಗೊಂಡ?" ಅಂತ ಕೇಳಿ, ಸುಳ್ಳು ಹೇಳಿ ಅವರಿಗೇನೂ ಆಗ್ಬೇಕಿಲ್ಲ. ಮನೆ ಒಳಗೆ ಹೋದಾಗ ಹಾಲ್ ಎಷ್ಟು ದೊಡ್ಡದು ಅಂತ ನೋಡೋದು ಆಮೇಲೆ, ಮೊದ್ಲು ಬಾತ್‌ರೂಮಿನ ನಲ್ಲಿಯ ಬಾಯಿ ನೋಡಿ. ಸುತ್ತ ಬಿಳಿ ಪೊರೆ ಗಟ್ಟಿಯಾಗಿ ಕೂತಿದ್ರೆ, ಬಕೆಟ್ ಅಂಚೆಲ್ಲ ಸುಣ್ಣ ಬಳ್ದಂಗೆ ಇದ್ರೆ ಅದು ಗಡಸು ಬೋರ್ ನೀರು, ಬೇಳೆ ಬೇಯಲ್ಲ, ಗೀಸರ್ ಬೇಗ ಹೋಗುತ್ತೆ, ಕೂದಲು ಉದುರುತ್ತೆ ಅಂತ ಮನೇಲಿ ದಿನಾ ರಾಮಾಯಣ. ಅಪಾರ್ಟ್‌ಮೆಂಟ್ ಆದ್ರೆ ಮೇಂಟೆನೆನ್ಸ್ ಎಷ್ಟು ಅಂತ ಮಾತ್ರ ಕೇಳಿ ಸುಮ್ಮನಾಗ್ಬೇಡಿ, ಮಾರ್ಚ್ ಏಪ್ರಿಲ್ ತಿಂಗಳ ಟ್ಯಾಂಕರ್ ಖರ್ಚು ಎಷ್ಟು ಬಂದಿತ್ತು ಅಂತ ಅಸೋಸಿಯೇಷನ್‌ನವರನ್ನ ಕೇಳಿ.

ನೀರು ಇಲ್ಲದ್ದು ಒಂದು ಕಷ್ಟ ಆದ್ರೆ ನೀರು ನುಗ್ಗೋದು ಇನ್ನೊಂದು. ಬೆಂಗಳೂರು ದಿಣ್ಣೆ ಮೇಲಿದೆ ಮುಳುಗಲ್ಲ ಅನ್ನೋರು ಇದ್ದಾರೆ, ದಿಣ್ಣೆ ಅಂದ್ಮೇಲೆ ಇಳಿಜಾರು ಇಲ್ವಾ? ಪಶ್ಚಿಮದ ನೀರು ವೃಷಭಾವತಿ ಹಿಡ್ಕೊಂಡು ಅರ್ಕಾವತಿ ಕಡೆ ಹೋಗುತ್ತೆ, ಪೂರ್ವದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ. ಈ ದಾರೀಲಿ ಅಡ್ಡ ಕಟ್ಟಿರೋ ಲೇಔಟಿಗೆ ಮಳೆ ಬಂದ್ರೆ ಏನಾಗುತ್ತೆ ಅಂತ 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರೋಡಲ್ಲಿ ಕೋಟಿ ಕೋಟಿ ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿ ಆಚೆ ಬಂದಾಗ ಗೊತ್ತಾಯ್ತು, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕಡೆ, 2025ರ ಮೇ ತಿಂಗಳಲ್ಲಿ ಹೊರಮಾವು ಕಡೆ ಅದೇ ಕಥೆ. ನೋಡೋಕೆ ಹೋದಾಗ ಕಾಂಪೌಂಡ್ ಗೋಡೆ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಉಳಿದಿದ್ಯಾ ನೋಡಿ. ಬೀದೀಲಿ ಹೊಸದಾಗಿ ಕಟ್ಟಿರೋ ಮನೆಗಳೆಲ್ಲ ರೋಡಿಗಿಂತ ನಾಲ್ಕಡಿ ಎತ್ತರಿಸಿದ್ರೆ, ಗೇಟಿಗೆ ಅಡ್ಡ ಸಿಮೆಂಟ್ ಕಟ್ಟೆ ಹಾಕಿದ್ರೆ, ಅವರು ಸುಮ್ನೆ ದುಡ್ಡು ಸುರಿದಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆಪ್ ಹಾಕ್ಕೊಳ್ಳಿ, ನಿಂತ ಜಾಗದ ಸರ್ವೆ ನಂಬರ್ ಹಳ್ಳಿ ನಕ್ಷೆ ಸಮೇತ ಸಿಗುತ್ತೆ, ಪಕ್ಕದಲ್ಲಿ ಕೆರೆನೋ ರಾಜಕಾಲುವೆನೋ (ಮಳೆ ನೀರು ಹರಿಯೋ ದೊಡ್ಡ ಕಾಲುವೆ) ಇದ್ರೆ ಅಲ್ಲೇ ನಿಂತು ಯೋಚನೆ ಮಾಡಿ.

ಓಡಾಟದ ವಿಷಯಕ್ಕೆ ಬರೋಣ. ಇಲ್ಲಿ ನನ್ನದು ಸ್ವಲ್ಪ ಕಟ್ಟುನಿಟ್ಟು, ಓಡ್ತಿರೋದನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳಿ, "ಬರುತ್ತೆ" ಅನ್ನೋದನ್ನ ತಗೋಬೇಡಿ. ಸಬ್‌ಅರ್ಬನ್ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯ್ತು, ಅವತ್ತಿಂದ ಆ ಹೆಸರು ಹೇಳ್ಕೊಂಡು ಎಷ್ಟು ಸೈಟ್ ಮಾರಿದ್ರೋ ದೇವರಿಗೇ ಗೊತ್ತು. ಓಡ್ತಿರೋ ಮೆಟ್ರೋ ಅಂದ್ರೆ ನೇರಳೆ ಮಾರ್ಗ, 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡಿಂದ ಚಲ್ಲಘಟ್ಟ ತನಕ ಪೂರ್ತಿ. ಹಸಿರು ಮಾರ್ಗ ಮಾದಾವರದಿಂದ ಕನಕಪುರ ರೋಡಿನ ಸಿಲ್ಕ್ ಇನ್‌ಸ್ಟಿಟ್ಯೂಟ್ ತನಕ. ಹಳದಿ ಮಾರ್ಗ 2025ರ ಆಗಸ್ಟ್‌ನಿಂದ ಆರ್.ವಿ.ರೋಡಿಂದ ಬೊಮ್ಮಸಂದ್ರಕ್ಕೆ, ಅದರಲ್ಲೂ ಶುರುವಲ್ಲಿ 25 ನಿಮಿಷಕ್ಕೊಂದು ಟ್ರೈನ್ ಇತ್ತು, ಹಾಗಾಗಿ ಸ್ಟೇಷನ್ ಇದ್ಯಾ ಅಂತ ಮಾತ್ರ ಅಲ್ಲ, ಟ್ರೈನ್ ಎಷ್ಟೊತ್ತಿಗೊಂದು ಅಂತಾನೂ ನೋಡಿ. 2025ರ ಫೆಬ್ರವರಿಲಿ ಟಿಕೆಟ್ ರೇಟ್ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದ್ರು, ಇಬ್ಬರು ದಿನಾ ಎರಡು ಕಡೆ ಹೋಗಿ ಬಂದ್ರೆ ತಿಂಗಳಿಗೆ ಎಷ್ಟಾಗುತ್ತೆ ಅಂತ ಬಾಡಿಗೆ ಜೊತೆ ಕೂಡಿಸಿ ನೋಡಿ. ಸ್ಟೇಷನ್ನಿಂದ ಮನೆಗೆ ಆಟೋ ಸಿಗುತ್ತಾ, ಫೀಡರ್ ಬಸ್ ಇದ್ಯಾ, ರಾತ್ರಿ ಎಂಟರ ಮೇಲೆ ಆ ದಾರೀಲಿ ಬೀದಿ ದೀಪ ಉರಿಯುತ್ತಾ ಅಂತ ನಡ್ಕೊಂಡು ಹೋಗಿ ನೋಡೋದು ಒಳ್ಳೇದು.

ಇನ್ನು ಮಾಮೂಲಿ ದಿನದ ಸಂಗತಿಗಳು. ಹಾಲು, ಮೆಡಿಕಲ್ ಸ್ಟೋರ್, ಮಕ್ಕಳ ಡಾಕ್ಟರು, ಇಷ್ಟು ನಡಿಗೆ ದೂರದಲ್ಲಿ ಬೇಕು. ರಾತ್ರಿ ಹೊತ್ತೂ ಮಕ್ಕಳ ಡಾಕ್ಟರ್ ಇರೋ ಆಸ್ಪತ್ರೆ ಇಪ್ಪತ್ತು ನಿಮಿಷ ಒಳಗೆ, ಹಗಲಲ್ಲಿ ಫೋನ್ ಮಾಡಿ "ರಾತ್ರಿ ಡ್ಯೂಟಿಲಿ ಪೀಡಿಯಾಟ್ರಿಷಿಯನ್ ಇರ್ತಾರಾ ಇಲ್ಲ ಕರೆಸ್ತೀರಾ" ಅಂತ ಕೇಳ್ಬಿಡಿ. ಊರಿಂದ ಬಂದಿರೋ ಅಪ್ಪ ಅಮ್ಮ ಹೈವೇ ದಾಟದೆ ಪಾರ್ಕಿಗೋ ದೇವಸ್ಥಾನಕ್ಕೋ ಹೋಗಿ ಬರೋ ಹಂಗಿರ್ಬೇಕು, ಇಲ್ಲಾಂದ್ರೆ ಮೂರನೇ ತಿಂಗಳಿಗೆ "ನಾವು ಊರಿಗೆ ಹೋಗ್ತೀವಪ್ಪ" ಶುರುವಾಗುತ್ತೆ, ಅವರ ತಪ್ಪೂ ಇಲ್ಲ. ಖಾಲಿ ಸೈಟಲ್ಲಿ ಸಂಜೆ ಕಸ ಸುಡ್ತಾರಾ ಅಂತ ಸಂಜೆ ಆರಕ್ಕೆ ಹೋದ್ರೆ ಮೂಗಿಗೇ ಗೊತ್ತಾಗುತ್ತೆ.

ಕಾಗದ ಪತ್ರದ ವಿಷಯ ಮನೆನೋ ಸೈಟೋ ಕೊಳ್ಳೋರಿಗೆ ಮಾತ್ರ, ಚಿಕ್ಕದಾಗಿ ಹೇಳ್ತೀನಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ), ಫ್ಲಾಟ್ ಆದ್ರೆ ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್ ಮತ್ತೆ ಓಸಿ (ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ), ಪಂಚಾಯ್ತಿ ಜಾಗ ಆದ್ರೆ ಇ-ಸ್ವತ್ತು (ಪಂಚಾಯ್ತಿಯ ಡಿಜಿಟಲ್ ಆಸ್ತಿ ದಾಖಲೆ). 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಾದ್ಮೇಲೆ ಓಸಿ ಇಲ್ಲದ ಬಿಲ್ಡಿಂಗಿಗೆ ಕರೆಂಟು ನೀರಿನ ಕನೆಕ್ಷನ್ ಸಿಗೋದು ಕಷ್ಟ ಆಯ್ತು, ಆಮೇಲೆ ಸಣ್ಣ ಸೈಟಿನ ಮನೆಗಳಿಗೆ ಸಡಿಲ ಮಾಡಿದ್ರು, ಆದ್ರೂ "ಓಸಿ ಆಮೇಲೆ ಮಾಡಿಸ್ಕೊಡ್ತೀನಿ" ಅನ್ನೋ ಬಿಲ್ಡರ್ ಹತ್ರ ಟೋಕನ್ ಅಡ್ವಾನ್ಸ್ ಕೂಡ ಕೊಡ್ಬೇಡಿ. ಇದೆಲ್ಲ ವಕೀಲರಿಗೆ ತೋರಿಸೋ ಕೆಲಸ, ವಾಟ್ಸಾಪಲ್ಲಿ ಕೇಳೋದಲ್ಲ. ಅಂದಹಾಗೆ "ಬೆಂಗಳೂರು ಸೌತ್‌ನಲ್ಲಿ ಸೈಟ್" ಅಂದ್ರೆ ಯಾವ ಸೌತ್ ಅಂತ ಕೇಳಿ, 2025ರಲ್ಲಿ ರಾಮನಗರ ಜಿಲ್ಲೆಗೆ ಆ ಹೆಸರು ಬಂತು, ಅದೇ ವರ್ಷ ದಕ್ಷಿಣ ಅಂತ ಒಂದು ನಗರ ಪಾಲಿಕೆನೂ ಆಯ್ತು, ಎರಡರ ಮಧ್ಯೆ ಬಹಳ ದೂರ ಇರ್ಬಹುದು.

ಸರಿ, ಯಾವ ಏರಿಯಾ ಅಂತ ಕೇಳಿದ್ರೆ? ನನ್ನ ಅಭಿಪ್ರಾಯ ಇದು, ಒಪ್ಪದವರು ಇರ್ತಾರೆ. ವಯಸ್ಸಾದ ಅಪ್ಪ ಅಮ್ಮ ಜೊತೇಲಿದ್ರೆ ಯಲಹಂಕ ನ್ಯೂ ಟೌನ್ ಕಡೆ ಮೊದ್ಲು ನೋಡಿ, ಹೌಸಿಂಗ್ ಬೋರ್ಡ್ ಮಾಡಿದ ಲೇಔಟ್ ಆದ್ದರಿಂದ ರೋಡು, ಪಾರ್ಕು, ಮರ ಎಲ್ಲ ಮೊದಲಿಂದ ಇದೆ, ಆದ್ರೆ ತಗ್ಗಿನ ಜಾಗ ಬಿಟ್ಟು. ಕೆಂಗೇರಿ, ಆರ್.ಆರ್.ನಗರ ಮಧ್ಯಮ ವರ್ಗದ ಸಂಸಾರಕ್ಕೆ ಆಗಿಬರೋ ಜಾಗ, ಮೆಟ್ರೋ ಇದೆ, ಮೈಸೂರು ಕಡೆ ಊರಿದ್ದೋರಿಗೆ ಹಬ್ಬಕ್ಕೆ ಹೋಗಿ ಬರೋಕೂ ಅನುಕೂಲ, ವೃಷಭಾವತಿ ಹತ್ರದ ಮನೆ ಆದ್ರೆ ಸಂಜೆ ಗಾಳಿ ಬೀಸೋವಾಗ ಕಿಟಕಿ ತೆಗೆದು ನೋಡಿ. ಕನಕಪುರ ರೋಡು ತುರಹಳ್ಳಿ ಕಾಡಿನ ಪಕ್ಕ ತಂಪು, ಆದ್ರೆ ಸಿಲ್ಕ್ ಇನ್‌ಸ್ಟಿಟ್ಯೂಟ್ ದಾಟಿ ಮುಂದೆ ಮುಂದೆ ಹೋದಂಗೆ ಮೆಟ್ರೋ ಲಾಭ ಕರಗುತ್ತೆ. ಇಬ್ಬರದ್ದೂ ಕೆಲಸ ವೈಟ್‌ಫೀಲ್ಡಿನ ಐಟಿ ಪಾರ್ಕ್ ಐಟಿಪಿಎಲ್ ಕಡೆ ಇದ್ರೆ ವೈಟ್‌ಫೀಲ್ಡ್ ಬಿಟ್ಟು ಬೇರೆ ಕಡೆ ಒದ್ದಾಡ್ಬೇಡಿ, ಸ್ಕೂಲೂ ಬೇಕಾದಷ್ಟಿವೆ, ನೀರಿನ ಪ್ರಶ್ನೆ ಮಾತ್ರ ಎರಡು ಸಲ ಕೇಳಿ. ಬೊಮ್ಮಸಂದ್ರ, ಚಂದಾಪುರ ಎಲೆಕ್ಟ್ರಾನಿಕ್ ಸಿಟಿ ಕೆಲಸದವರಿಗೆ ಸರಿ, ಬೇರೆಯವರಿಗೆ ದೂರ. ದೇವನಹಳ್ಳಿಲಿ ಸೈಟ್ ಇಟ್ಕೊಳ್ಳಿ, ಆದ್ರೆ ಏರ್‌ಪೋರ್ಟ್ ಕಡೆ ಕೆಲಸ ಇಲ್ದಿದ್ರೆ ಸಣ್ಣ ಮಕ್ಕಳನ್ನ ಕರ್ಕೊಂಡು ಹೋಗಿ ಈಗಲೇ ವಾಸ ಮಾಡೋ ಅವಸರ ಏನಿದೆ?

ಇಷ್ಟೆಲ್ಲ ನೋಡಿದ್ಮೇಲೂ ಕೊಳ್ಳೋ ಮೊದ್ಲು ಅದೇ ಏರಿಯಾದಲ್ಲಿ ಒಂದು ವರ್ಷ ಬಾಡಿಗೆಗೆ ಇರಿ, ಆದಷ್ಟೂ ನೀವು ಕೊಳ್ಳಬೇಕು ಅಂದ್ಕೊಂಡಿರೋ ಬೀದಿ ಹತ್ರಾನೇ. ಅಗ್ರಿಮೆಂಟ್ ಹೆಂಗಿದ್ರೂ ಹನ್ನೊಂದು ತಿಂಗಳದ್ದು. ಏಪ್ರಿಲ್ ಶುರುವಲ್ಲೇ ಸೇರ್ಕೊಂಡ್ರೆ ಮೊದಲ ತಿಂಗಳೇ ನೀರಿನ ಬಣ್ಣ ಬಯಲಾಗುತ್ತೆ, ಜೂನ್‌ನಲ್ಲಿ ಸ್ಕೂಲ್ ವ್ಯಾನಿನ ನಿಜವಾದ ಟೈಮು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಳೆ ಬಂದಾಗ ರೋಡು. ಅಷ್ಟರಲ್ಲಿ ಮುಂದಿನ ವರ್ಷದ ಅಡ್ಮಿಷನ್ ಫಾರಂ ಕೊಡೋ ಹೊತ್ತಾಗಿರುತ್ತೆ, ಬಹಳಷ್ಟು ಪ್ರೈವೇಟ್ ಸ್ಕೂಲಲ್ಲಿ ಅದು ನವೆಂಬರ್ ಡಿಸೆಂಬರ್‌ಗೇ ಶುರು, ಹಾಗಾಗಿ ಇರೋದಾ ಬೇರೆ ಕಡೆ ಹೋಗೋದಾ ಅಂತ ದೀಪಾವಳಿ ಹೊತ್ತಿಗೆ ಮನೇಲಿ ಕೂತು ಮಾತಾಡ್ಬಿಡಿ, ಆ ಮಾತಲ್ಲಿ ಮೊದಲ ಓಟು ದಿನವಿಡೀ ಮನೇಲಿರೋರಿಗೆ.