ಕಡಿಮೆ ಬೆಲೆಗೆ ಒಳ್ಳೆ ರೆಡ್ ವೈನ್: ಹುಡುಕುವುದು ಹೇಗೆ?

ಒಂದು ಬಾಟಲಿ ರೆಡ್ ವೈನ್‌ಗೆ ಕೊಡುವ ದುಡ್ಡೆಲ್ಲ ಒಳಗಿನ ವೈನ್‌ಗೇ ಹೋಗುವುದಿಲ್ಲ. ಗಾಜಿನ ಬಾಟಲಿ, ಬಿರಡೆ, ಲೇಬಲ್, ರಟ್ಟಿನ ಪೆಟ್ಟಿಗೆ, ಸಾಗಣೆ, ತೆರಿಗೆ, ಅಂಗಡಿಯವರ ಲಾಭ ಎಲ್ಲವೂ ಅದರಲ್ಲೇ ಬರಬೇಕು. ಇವುಗಳಲ್ಲಿ ಹಲವು ಖರ್ಚುಗಳು ಅಗ್ಗದ ಬಾಟಲಿಗೂ ದುಬಾರಿ ಬಾಟಲಿಗೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಬಾಟಲಿ ಎತ್ತಿಕೊಂಡರೆ, ವೈನ್‌ಗೆ ಅಂತ ಉಳಿಯುವ ಪಾಲು ತೀರಾ ಚಿಕ್ಕದು. ಅದರ ಮೇಲಿನ ಒಂದೆರಡು ಮೆಟ್ಟಿಲು ಹತ್ತಿದರೆ, ಜಾಸ್ತಿ ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಭಾಗ ದ್ರಾಕ್ಷಿಗೆ, ತೋಟದ ಕೆಲಸಕ್ಕೆ ಹೋಗುತ್ತದೆ. ರುಚಿಯಲ್ಲಿ ಇದು ಗೊತ್ತಾಗುತ್ತದೆ.

ಇನ್ನೂ ಮೇಲೆ ಹೋದಂತೆ ಲೆಕ್ಕ ಬದಲಾಗುತ್ತದೆ. ಫ್ರಾನ್ಸ್‌ನ ಬರ್ಗಂಡಿ, ಅಮೆರಿಕದ ನಾಪಾದಂಥ ಕಡೆ ತೋಟದ ನೆಲವೇ ವಿಪರೀತ ದುಬಾರಿ. ಹೊಸ ಓಕ್ ಪೀಪಾಯಿಯ ಖರ್ಚು ಬೇರೆ. 225 ಲೀಟರಿನ ಒಂದು ಪೀಪಾಯಿಯಲ್ಲಿ 300 ಬಾಟಲಿಗಾಗುವಷ್ಟು ವೈನ್ ಹಿಡಿಯುತ್ತದೆ. ಮೂರು ನಾಲ್ಕು ಸಲ ಬಳಸಿದ ಮೇಲೆ ಅದು ವೈನ್‌ಗೆ ಕೊಡುವ ಘಮ ಬಹುಮಟ್ಟಿಗೆ ಮುಗಿದಿರುತ್ತದೆ. ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಇಟ್ಟರೆ ಅಷ್ಟು ಕಾಲ ಹಾಕಿದ ಬಂಡವಾಳ ಅಲ್ಲೇ ಕೂತಿರುತ್ತದೆ. ಇದೆಲ್ಲದರ ಮೇಲೆ ಹೆಸರಿನ ಬೆಲೆ. ಹೆಸರಿಗೆ ಅಂತ ಕೊಟ್ಟ ದುಡ್ಡು ಲೋಟದಲ್ಲಿ ಸಿಗುವುದಿಲ್ಲ, ಅಲ್ವಾ? ಅದನ್ನು ಉಳಿಸಿಕೊಳ್ಳುವ ದಾರಿಗಳು ಬೇಕಾದಷ್ಟಿವೆ.

1. ನಿಮಗೇನು ಇಷ್ಟ ಅಂತ ಮೊದಲು ತಿಳಿದುಕೊಳ್ಳಿ

ರೆಡ್ ವೈನ್‌ನಲ್ಲಿ ನಾಲ್ಕು ಸಂಗತಿ ಗಮನಿಸಿದರೆ ಸಾಕು. ಒಗರು, ಹುಳಿ, ಸಿಹಿ, ಗಟ್ಟಿತನ.

ಒಗರು ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್‌ನಿಂದ. ಹಾಲು ಹಾಕದ ಕಡು ಟೀ ಕುಡಿದಾಗ ನಾಲಿಗೆ, ಒಸಡು ಒಣಗಿದಂತಾಗುತ್ತದಲ್ಲ, ಅದೇ ಅನುಭವ. ಹುಳಿ ಇದ್ದರೆ ಗುಟುಕು ನುಂಗಿದ ಮೇಲೆ ಬಾಯಿಯಲ್ಲಿ ನೀರೂರುತ್ತದೆ. ಗಟ್ಟಿತನ ಅಂದರೆ ವೈನ್ ಬಾಯಿಯಲ್ಲಿ ತುಂಬಿಕೊಂಡಂತೆ ಇದೆಯೋ, ತೆಳ್ಳಗೆ ಹರಿದುಹೋಗುತ್ತದೆಯೋ ಅನ್ನುವುದು. ಇನ್ನು ಸಿಹಿ. ತುಂಬಾ ಓಡುವ ಕೆಲವು ಅಗ್ಗದ ಬ್ರ್ಯಾಂಡ್‌ಗಳಲ್ಲಿ ಬೇಕೆಂದೇ ಸಕ್ಕರೆ ಉಳಿಸಿರುತ್ತಾರೆ. ಲೀಟರಿಗೆ 10 ಗ್ರಾಂ ದಾಟುವುದೂ ಉಂಟು. ಮೊದಲ ಗುಟುಕು ಹಿತವಾಗಿರುತ್ತದೆ, ಅರ್ಧ ಲೋಟ ಮುಗಿಯುವಷ್ಟರಲ್ಲಿ ಮುಖ ಕಟ್ಟುತ್ತದೆ.

ಒಗರು ಬೇಡ ಅನ್ನುವವರು ಗಮೇ, ಬಾರ್ಬೆರಾ, ಗ್ರೆನಾಶ್ ದ್ರಾಕ್ಷಿಯ ವೈನ್ ನೋಡಬಹುದು. ಬಾರ್ಬೆರಾದಲ್ಲಿ ಹುಳಿ ಚೆನ್ನಾಗಿರುತ್ತದೆ, ಗ್ರೆನಾಶ್‌ನಲ್ಲಿ ಕಡಿಮೆ. ಒಗರು ಇಷ್ಟಪಡುವವರಿಗೆ ಕ್ಯಾಬರ್ನೆ ಸೊವಿನ್ಯೋನ್, ಮೊನಾಸ್ತ್ರೆಲ್, ಇನ್ನೂ ಜಾಸ್ತಿ ಬೇಕೆಂದರೆ ತನ್ನಾ. ಮಾಲ್ಬೆಕ್ ಈ ಎರಡು ಗುಂಪುಗಳ ನಡುವೆ ಎಲ್ಲೋ ನಿಲ್ಲುತ್ತದೆ.

2. ಹೆಸರಾಂತ ಊರಿನ ಪಕ್ಕದ ಊರಿಗೆ ಹೋಗಿ

ದುಡ್ಡು ನಿಜವಾಗಿ ಉಳಿಯುವುದು ಇಲ್ಲಿ. ಒಂದು ಪ್ರದೇಶಕ್ಕೆ ಹೆಸರು ಬಂದರೆ ಅಲ್ಲಿನ ಎಲ್ಲ ಬಾಟಲಿಗಳ ಬೆಲೆಯೂ ಏರುತ್ತದೆ, ಸಾಧಾರಣ ವೈನ್ ಕೂಡ. ಪಕ್ಕದಲ್ಲೇ ಅದೇ ಬಿಸಿಲು, ಅದೇ ದ್ರಾಕ್ಷಿ ಇರುವ ಜಾಗಕ್ಕೆ ಹೆಸರು ಇಲ್ಲದಿದ್ದರೆ ಬೆಲೆಯೂ ಇಳಿದಿರುತ್ತದೆ.

ಫ್ರಾನ್ಸ್‌ನಲ್ಲಿ ಶಾತೊನಫ್ ದು ಪಾಪ್ ಎಂಬ ಹೆಸರಾಂತ ವೈನ್ ಊರಿನ ಬಗ್ಗೆ ಕೇಳಿರಬಹುದು. ಅದರ ಸುತ್ತಲಿನ ಕೋಟ್ ದು ರೋನ್ ವೈನ್‌ಗಳಲ್ಲೂ ಮುಖ್ಯವಾಗಿ ಗ್ರೆನಾಶ್ ಇರುತ್ತದೆ, ಜೊತೆಗೆ ಸಿರಾ, ಮೂರ್ವೆದ್ರ್. ಲೇಬಲ್ ಮೇಲೆ 'ಕೋಟ್ ದು ರೋನ್ ವಿಲಾಜ್' ಅಂತ ಇದ್ದರೆ ನಿಯಮಗಳು ಒಂದು ಹಂತ ಬಿಗಿ. ನನ್ನ ಮಟ್ಟಿಗೆ ಆ ಒಂದು ಹಂತಕ್ಕೆ ಕೊಡುವ ಹೆಚ್ಚಿನ ದುಡ್ಡು ಪೂರ್ತಿ ಸಾರ್ಥಕ. ಇನ್ನೂ ದಕ್ಷಿಣಕ್ಕೆ, ಮೆಡಿಟರೇನಿಯನ್ ಕಡಲ ಕಡೆಗೆ ಹೋದರೆ ಲಾಂಗ್‌ಡಾಕ್. ಅಲ್ಲಿನ ಕೋರ್ಬಿಯೇರ್, ಮಿನೆರ್ವ್ವಾ ವೈನ್‌ಗಳಲ್ಲಿ ಕಾಡು ಗಿಡಮೂಲಿಕೆಯ ಘಮ ಇರುತ್ತದೆ. ಬರ್ಗಂಡಿಯ ಕೆಳಗಿರುವ ಬೋಜೊಲೆಯನ್ನೂ ಮರೆಯಬೇಡಿ. ಅಲ್ಲಿ ದ್ರಾಕ್ಷಿಯನ್ನು ಹಿಂಡದೆ ಇಡೀ ಗೊಂಚಲನ್ನೇ ತೊಟ್ಟಿಗೆ ತುಂಬಿ ಹುದುಗಿಸುವ ಪದ್ಧತಿ ಹೆಚ್ಚು. ಅದಕ್ಕೇ ಒಗರು ಕಡಿಮೆ, ಹಣ್ಣಿನ ಘಮ ಜಾಸ್ತಿ. ಅಲ್ಲಿ ಹತ್ತು ಹಳ್ಳಿ-ಗುಡ್ಡಗಳ ಹೆಸರಿಗೆ ವಿಶೇಷ ಮಾನ್ಯತೆ ಇದೆ. ಮೋರ್ಗೊಂ, ಫ್ಲೂರಿ ಅವುಗಳಲ್ಲಿ ಎರಡು. ಅವುಗಳ ವೈನ್ ಸಾಮಾನ್ಯ ಬೋಜೊಲೆಗಿಂತ ದುಬಾರಿ, ಬರ್ಗಂಡಿಗಿಂತ ಎಷ್ಟೋ ಅಗ್ಗ.

ಸ್ಪೇನ್ ಅಂದರೆ ರಿಯೋಹಾ ಪ್ರದೇಶದ ವೈನ್ ಅನ್ನುವುದು ವಾಡಿಕೆ. ಆದರೆ ಕಲತಾಯುದ್, ಕಾಂಪೊ ದೆ ಬೋರ್ಹಾದಲ್ಲಿ ಹಳೆಯ ಗಾರ್ನಾಚಾ ಬಳ್ಳಿಗಳಿವೆ. ಇದು ಗ್ರೆನಾಶ್‌ನದೇ ಸ್ಪ್ಯಾನಿಷ್ ಹೆಸರು. ಬಳ್ಳಿಗೆ ವಯಸ್ಸಾದಂತೆ ಗೊಂಚಲು ಕಡಿಮೆಯಾಗುತ್ತದೆ, ರಸ ಗಾಢವಾಗುತ್ತದೆ. ಆಗ್ನೇಯ ಮೂಲೆಯ ಹುಮಿಯಾದಲ್ಲಿ ಮೊನಾಸ್ತ್ರೆಲ್ ಕಪ್ಪಗೆ, ಗಟ್ಟಿಯಾಗಿ ಬರುತ್ತದೆ. ಪೋರ್ಚುಗಲ್‌ನಲ್ಲಿ ಅಲೆಂಟೇಜು, ದೋರೊ ಪ್ರದೇಶಗಳನ್ನು ನೋಡಿ. ಅಲ್ಲಿನ ದ್ರಾಕ್ಷಿಗಳ ಹೆಸರು ಹೊರಗಿನವರ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಬೆಲೆ ಏರದಿರಲು ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಇಟಲಿಯಲ್ಲಿ ಮೊಂಟೆಪುಲ್ಚಾನೊ ದಬ್ರುತ್ಸೊ, ಪುಲಿಯಾದ ಪ್ರಿಮಿಟಿವೊ, ಸಿಸಿಲಿಯ ನೆರೊ ದಾವೊಲಾ ನಂಬಬಹುದಾದವು. ಬರೋಲೊ ಎಂಬ ದುಬಾರಿ ವೈನ್ ಕೈಗೆಟಕದಿದ್ದರೆ ಅದೇ ಪ್ರದೇಶದ ಬಾರ್ಬೆರಾ ಇದೆ.

ಚಿಲಿಯ ಕಾರ್ಮೆನೇರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದು ಮೂಲತಃ ಫ್ರಾನ್ಸ್‌ನ ಬೋರ್ದೋ ಪ್ರದೇಶದ ದ್ರಾಕ್ಷಿ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೀರುವ ಕೀಟ ಯುರೋಪಿನ ತೋಟಗಳನ್ನು ಹಾಳುಮಾಡಿತು. ಮತ್ತೆ ಬಳ್ಳಿ ನೆಡುವಾಗ ಬೋರ್ದೋದ ರೈತರು ಕಾರ್ಮೆನೇರ್ ಕೈಬಿಟ್ಟರು. ಅದು ತಡವಾಗಿ ಹಣ್ಣಾಗುತ್ತದೆ, ಕಾಯಿ ಕಚ್ಚುವುದೂ ಕಷ್ಟ. ಅಷ್ಟರಲ್ಲಿ ಅದರ ಬಳ್ಳಿಗಳು ಚಿಲಿಗೆ ಹೋಗಿ ಬೇರೂರಿದ್ದವು, ಮರ್ಲೋ ಎಂಬ ಬೇರೆ ದ್ರಾಕ್ಷಿಯ ಬಳ್ಳಿಗಳ ಜೊತೆ ಬೆರೆತು. ಎಲ್ಲರೂ ಅದನ್ನು ಮರ್ಲೋ ಅಂತಲೇ ತಿಳಿದಿದ್ದರು. 1994ರಲ್ಲಿ ಫ್ರೆಂಚ್ ಬಳ್ಳಿ ತಜ್ಞ ಜಾನ್-ಮಿಷೆಲ್ ಬೂರ್ಸಿಕೊ ಅದನ್ನು ಗುರುತು ಹಿಡಿದರು. ಚೆನ್ನಾಗಿ ಹಣ್ಣಾದ ಕಾರ್ಮೆನೇರ್ ಮೆತ್ತಗೆ, ಕಪ್ಪು ಹಣ್ಣಿನ ಘಮದ ವೈನ್ ಕೊಡುತ್ತದೆ. ಸರಿಯಾಗಿ ಹಣ್ಣಾಗದಿದ್ದರೆ ಹಸಿ ದೊಣ್ಣೆ ಮೆಣಸಿನಕಾಯಿಯ ವಾಸನೆ ಮುಂದೆ ಬರುತ್ತದೆ. ಎರಡು ಬೇರೆ ತಯಾರಕರ ಬಾಟಲಿ ತೆರೆದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ.

ಕಡಿಮೆ ಬೆಲೆಯಲ್ಲಿ ಹುಷಾರಾಗಿರಬೇಕಾದ ದ್ರಾಕ್ಷಿ ಪಿನೋ ನ್ವಾರ್. ತೆಳು ಸಿಪ್ಪೆ, ಹವೆಯ ವಿಷಯದಲ್ಲಿ ನಾಜೂಕು. ಫಸಲು ಜಾಸ್ತಿ ತೆಗೆದರೆ ರುಚಿ ನೀರಾಗುತ್ತದೆ. ಅಗ್ಗದಲ್ಲಿ ಚೆನ್ನಾಗಿ ಮಾಡುವವರು ಇದ್ದಾರೆ, ಹುಡುಕುವುದು ಕಷ್ಟ.

3. ಲೇಬಲ್ ಓದಿ, ಆದರೆ ಎಲ್ಲವನ್ನೂ ನಂಬಬೇಡಿ

ಕೆಲವು ಪದಗಳ ಹಿಂದೆ ಕಾನೂನಿದೆ, ಕೆಲವಕ್ಕೆ ಇಲ್ಲ. ರಿಯೋಹಾದ ಕೆಂಪು ವೈನ್ ಬಾಟಲಿ ಮೇಲೆ 'ಕ್ರಿಯಾಂಸಾ' ಅಂತಿದ್ದರೆ ಅದನ್ನು ಕನಿಷ್ಠ 2 ವರ್ಷ ಮಾಗಿಸಿರಬೇಕು, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ. 'ರೆಸೆರ್ವಾ' ಅಂದರೆ 3 ವರ್ಷ, 'ಗ್ರಾನ್ ರೆಸೆರ್ವಾ' ಅಂದರೆ 5 ವರ್ಷ. ಇಷ್ಟು ಕೆಲಸ ಆಗಿರುವ ಕ್ರಿಯಾಂಸಾ ಬೆಲೆ ಹೆಚ್ಚಿನ ಸಲ ನ್ಯಾಯವಾಗಿಯೇ ಇರುತ್ತದೆ. ಆದರೆ ಬೇರೆ ಎಷ್ಟೋ ದೇಶಗಳಲ್ಲಿ 'ರಿಸರ್ವ್' ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. 'ಹಳೆಯ ಬಳ್ಳಿ' ಅನ್ನುವ ಮಾತಿಗೂ ಬಹಳ ಕಡೆ ಇಷ್ಟೇ ವರ್ಷ ಅನ್ನುವ ಕಾನೂನಿಲ್ಲ.

ದ್ರಾಕ್ಷಿಯ ಹೆಸರು ಬರೆದಿದ್ದರೆ ಯುರೋಪಿನ ಒಕ್ಕೂಟದಲ್ಲಿ ಕನಿಷ್ಠ 85%, ಅಮೆರಿಕದಲ್ಲಿ ಸಾಮಾನ್ಯವಾಗಿ 75% ಅದೇ ದ್ರಾಕ್ಷಿ ಇರಬೇಕು. ಆಲ್ಕೋಹಾಲ್ ಪ್ರಮಾಣವನ್ನೂ ನೋಡಿ. 12-12.5% ಇದ್ದರೆ ಹಗುರ ವೈನ್, 14.5% ಇದ್ದರೆ ಬಿಸಿಲ ನಾಡಿನ ಗಟ್ಟಿ ವೈನ್ ಅಂತ ಒಂದು ಅಂದಾಜು ಸಿಗುತ್ತದೆ. 'ಸಲ್ಫೈಟ್ ಇದೆ' (ವೈನ್ ಕೆಡದಂತೆ ಕಾಯುವ ರಾಸಾಯನಿಕ) ಎಂಬ ಸಾಲು ಕಂಡು ಗಾಬರಿ ಬೇಡ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಹಾಗೆ ಬರೆಯಬೇಕೆಂಬ ನಿಯಮ ಇರುವುದರಿಂದ ದುಬಾರಿ ಬಾಟಲಿಗಳ ಮೇಲೂ ಅದೇ ಸಾಲು ಇರುತ್ತದೆ. ಸಲ್ಫೈಟ್ ಅಲರ್ಜಿ ಇರುವವರು ಮಾತ್ರ ಗಮನಿಸಬೇಕು.

ವರ್ಷ ಬಹಳ ಮುಖ್ಯ. ವೈನ್ ಹಳೆಯದಾದಷ್ಟೂ ಒಳ್ಳೆಯದು ಅನ್ನುವುದು ಅಗ್ಗದ ವೈನ್‌ಗೆ ಸಲ್ಲುವುದಿಲ್ಲ. ಅದನ್ನು ಬೇಗ ಕುಡಿಯಲೆಂದೇ ಮಾಡಿರುತ್ತಾರೆ. ಎರಡು ಮೂರು ವರ್ಷದೊಳಗಿನದು ಕೊಳ್ಳಿ. ಐದಾರು ವರ್ಷ ಹಳೆಯ ಸಾದಾ ಬಾಟಲಿ ರಿಯಾಯಿತಿಯಲ್ಲಿ ಸಿಕ್ಕರೆ ಸುಮ್ನೆ ಬಿಟ್ಟುಬಿಡಿ, ಹಣ್ಣಿನ ಘಮ ಆರಿಹೋಗಿರುವ ಸಾಧ್ಯತೆಯೇ ಜಾಸ್ತಿ. ಪದಕದ ಚಿತ್ರ, ಅಂಕಗಳ ಚೀಟಿ ಅಂಟಿಸಿದ್ದರೆ ಅದು ಯಾವ ವರ್ಷದ ವೈನ್‌ಗೆ ಬಂದದ್ದು ಅಂತ ನೋಡಿಕೊಳ್ಳಿ. ಬಾಟಲಿಯ ಭಾರಕ್ಕೂ, ತಳದ ಗುಳಿಯ ಆಳಕ್ಕೂ, ಒಳಗಿನ ವೈನ್‌ನ ಗುಣಕ್ಕೂ ಸಂಬಂಧವಿಲ್ಲ. ಭಾರದ ಗಾಜಿಗೂ ನೀವೇ ದುಡ್ಡು ಕೊಡುತ್ತೀರಿ.

4. ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿ

ಬಿಸಿಲು ಬೀಳುವ ಕಿಟಕಿಯಲ್ಲಿ, ಉರಿಯುವ ದೀಪದ ಕೆಳಗೆ ನಿಂತಿದ್ದ ಬಾಟಲಿ ಬೇಡ. ಬಿರಡೆ ಸ್ವಲ್ಪ ಮೇಲೆದ್ದಿದ್ದರೆ, ಕತ್ತಿನ ಬಳಿ ಸೋರಿದ ಅಂಟು ಗುರುತು ಇದ್ದರೆ ಅದು ಎಲ್ಲೋ ಕಾದಿದೆ ಅಂತ ಅರ್ಥ. ತಿರುಪು ಮುಚ್ಚಳ ಕಂಡು ಕೀಳು ವೈನ್ ಅಂದುಕೊಳ್ಳಬೇಡಿ. ಬೇಗ ಕುಡಿಯುವ ವೈನ್‌ಗೆ ಅದೇ ಒಳ್ಳೆಯದು, ಕಾರ್ಕ್‌ನಿಂದ ಬರುವ ಕೆಡುಕಿನ ಭಯ ಇಲ್ಲ.

5. ಸರಿಯಾದ ತಂಪಿನಲ್ಲಿ ರುಚಿ ನೋಡಿ

ಒಳ್ಳೆಯ ಅಗ್ಗದ ವೈನ್ ಎಷ್ಟೋ ಸಲ ಸೋಲುವುದು ಬಿಸಿಯಿಂದ. ಬೆಚ್ಚಗಿನ ಕೋಣೆಯಲ್ಲಿಟ್ಟ ಬಾಟಲಿಯಿಂದ ಹಾಗೇ ಸುರಿದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಘಮ ಹಿಂದೆ ಸರಿಯುತ್ತದೆ. ಗಟ್ಟಿ ರೆಡ್ ವೈನ್‌ಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್, ಹಗುರದ್ದಕ್ಕೆ 12ರಿಂದ 14 ಡಿಗ್ರಿ ಹದ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಇದೊಂದೇ ಕೆಲಸ ಸಾಧಾರಣ ಬಾಟಲಿಯನ್ನು ಒಂದು ಮೆಟ್ಟಿಲು ಮೇಲೆ ಏರಿಸುತ್ತದೆ.

ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿ. ಮೆಲ್ಲಗೆ ತಿರುಗಿಸಿ, ಮೂಗು ಹತ್ತಿರ ತನ್ನಿ. ಹಣ್ಣಿನ ಘಮ ಇದೆಯೇ? ಬರೀ ವೆನಿಲ್ಲಾ, ಸುಟ್ಟ ಮರದ ವಾಸನೆಯೇ ತುಂಬಿದ್ದರೆ ಓಕ್ ಮರದ ಚಕ್ಕೆ ನೆನೆಸಿ ಮಾಡಿದ್ದಿರಬಹುದು. ಪೀಪಾಯಿಯ ಖರ್ಚು ಉಳಿಸುವ ದಾರಿ ಅದು. ಹದವಾಗಿದ್ದರೆ ತಪ್ಪೇನಿಲ್ಲ, ಹಣ್ಣನ್ನು ಮುಚ್ಚಿಹಾಕಿದರೆ ಮಾತ್ರ ಬೇಡ. ಒದ್ದೆ ರಟ್ಟಿನ, ಮುಗ್ಗಲು ನೆಲಮಾಳಿಗೆಯ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಟಿಸಿಎ ಎಂಬ ರಾಸಾಯನಿಕದ ಕೆಲಸ ಇದು. ಅದರಿಂದ ಆರೋಗ್ಯಕ್ಕೆ ತೊಂದರೆ ಇಲ್ಲ, ವೈನ್‌ನ ರುಚಿ ಮಾತ್ರ ಸತ್ತಿರುತ್ತದೆ. ಅಂಗಡಿಗೆ ವಾಪಸ್ ಕೊಟ್ಟು ಬೇರೆ ಕೇಳಿ. ಆ ಒಂದು ಬಾಟಲಿಯಿಂದ ಇಡೀ ವೈನನ್ನು ತಳ್ಳಿಹಾಕಬೇಡಿ.

ಈಗ ಒಂದು ಗುಟುಕು ಬಾಯಿಯಲ್ಲಿ ಆಡಿಸಿ, ನುಂಗಿ, ಮನಸ್ಸಿನಲ್ಲೇ ಎಣಿಸಿ. ಎರಡು ಮೂರು ಎಣಿಸುವಷ್ಟರಲ್ಲಿ ರುಚಿ ಮಾಯವಾದರೆ ಸಾಧಾರಣ. ಹತ್ತರ ಹತ್ತಿರ ಹೋದರೂ ಹಿತವಾಗಿ ಉಳಿದಿದ್ದರೆ, ಒಗರು-ಹುಳಿ ಒಂದನ್ನೊಂದು ಮೀರದಿದ್ದರೆ, ನೀವು ಹುಡುಕುತ್ತಿದ್ದ ಬಾಟಲಿ ಸಿಕ್ಕಿತು. ಒಗರು ಜಾಸ್ತಿ ಅನ್ನಿಸಿದರೆ ಜಗ್‌ಗೆ ಸುರಿದು ಅರ್ಧ ಗಂಟೆ ಗಾಳಿಗೆ ಬಿಡಿ. ಊಟದ ಜೊತೆ ಮತ್ತೆ ನೋಡಿ. ಕೊಬ್ಬು, ಪ್ರೋಟೀನ್ ಇರುವ ಆಹಾರದ ಜೊತೆ ಒಗರು ಇಳಿಯುತ್ತದೆ, ಖಾರದ ಜೊತೆ ಆಲ್ಕೋಹಾಲಿನ ಉರಿ ಏರುತ್ತದೆ.

6. ಬೆಲೆ ಮುಚ್ಚಿಟ್ಟು ಹೋಲಿಸಿ

ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದೇ ಕ್ಯಾಬರ್ನೆ ಸೊವಿನ್ಯೋನ್ ವೈನನ್ನು ಎರಡು ಬೇರೆ ಬೆಲೆ ಹೇಳಿ ಜನರಿಗೆ ಕೊಟ್ಟು ನೋಡಿದರು. 2008ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೆಚ್ಚು ಬೆಲೆ ಕೇಳಿದಾಗ ಅದೇ ವೈನ್ ಜಾಸ್ತಿ ಚೆನ್ನಾಗಿದೆ ಅಂದರು. ಮೆದುಳಿನ ಸ್ಕ್ಯಾನ್‌ನಲ್ಲೂ ಖುಷಿಯ ಗುರುತು ಹೆಚ್ಚಾಗಿತ್ತು. ಅಂದರೆ ಅವರು ಸುಳ್ಳು ಹೇಳಲಿಲ್ಲ, ಬೆಲೆಯೇ ರುಚಿಯನ್ನು ಬದಲಿಸಿತ್ತು.

ಆದ್ದರಿಂದ ನಾಲ್ಕೈದು ಸ್ನೇಹಿತರು ಸೇರಿದಾಗ ಇದನ್ನು ಮಾಡಿ. ಒಂದೇ ದ್ರಾಕ್ಷಿಯ ನಾಲ್ಕು ಬಾಟಲಿ ತನ್ನಿ, ಒಂದು ಮಾತ್ರ ದುಬಾರಿಯದ್ದಿರಲಿ. ಕಾಗದದ ಚೀಲ ತೊಡಿಸಿ, ಮೇಲೆ ಅಂಕಿ ಬರೆಯಿರಿ. ಒಬ್ಬೊಬ್ಬರಿಗೆ 50-60 ಮಿಲಿಲೀಟರ್ ಸಾಕು, 750 ಮಿಲಿಲೀಟರಿನ ಬಾಟಲಿಯಲ್ಲಿ ಹನ್ನೆರಡು ಮಂದಿಗೆ ಆಗುತ್ತದೆ. ಉಗುಳಲು ಒಂದು ಪಾತ್ರೆ ಇಟ್ಟಿರಿ, ವಾಹನ ಓಡಿಸುವವರು ಇದ್ದರಂತೂ ಬೇಕೇ ಬೇಕು. ಯಾರೂ ಬಾಯಿಬಿಡದೆ ಇಷ್ಟದ ಕ್ರಮ ಬರೆದಿಡಲಿ. ಮೊದಲು ಒಬ್ಬರು ಮಾತಾಡಿದರೆ ಉಳಿದವರು ಅತ್ತ ವಾಲುತ್ತಾರೆ. ಚೀಲ ತೆಗೆದ ಮೇಲೆ ನಿಮಗೆ ಇಷ್ಟವಾದದ್ದು ಯಾವ ಬೆಲೆಯದ್ದು ಅಂತ ಗೊತ್ತಾಗುತ್ತದೆ.

7. ಸಿಕ್ಕಿದ್ದನ್ನು ಉಳಿಸಿಕೊಳ್ಳಿ

ಇಷ್ಟವಾದ ಬಾಟಲಿಯ ಮುಂದಿನ, ಹಿಂದಿನ ಲೇಬಲ್ ಎರಡರ ಫೋಟೊ ತೆಗೆದಿಡಿ. ಹಿಂದೆ ಆಮದುದಾರರ ಹೆಸರಿರುತ್ತದೆ. ಒಳ್ಳೆ ವೈನ್ ಆರಿಸಿ ತರುವವರ ಬೇರೆ ಬಾಟಲಿಗಳೂ ಚೆನ್ನಾಗಿರುವ ಸಂಭವ ಹೆಚ್ಚು. ಅಂಗಡಿಯಲ್ಲಿ 'ಒಳ್ಳೇದು ಯಾವುದು?' ಅನ್ನುವ ಬದಲು ಆ ಫೋಟೊ ತೋರಿಸಿ, 'ಇದರಂಥದ್ದು, ಇನ್ನೂ ಸ್ವಲ್ಪ ಒಗರು ಕಡಿಮೆ ಇರುವುದು, ಇದೇ ಬೆಲೆಯೊಳಗೆ' ಅಂತ ಕೇಳಿ.

ದಿನಕ್ಕೆ ಒಂದೇ ಲೋಟ ಕುಡಿಯುವವರಿಗೆ ಪೆಟ್ಟಿಗೆಯ ವೈನ್, ಅಂದರೆ ರಟ್ಟಿನ ಪೆಟ್ಟಿಗೆಯೊಳಗೆ ಚೀಲದಲ್ಲಿ ತುಂಬಿ ಬರುವ ವೈನ್, ಚೆನ್ನಾಗಿ ಒಗ್ಗುತ್ತದೆ. 1965ರಲ್ಲಿ ಆಸ್ಟ್ರೇಲಿಯಾದ ಟಾಮ್ ಅಂಗೋವ್ ಇದನ್ನು ತಂದರು. ಒಳಗಿನ ಚೀಲ ಕುಗ್ಗುತ್ತಾ ಹೋಗುವುದರಿಂದ ಗಾಳಿ ಸೇರುವುದಿಲ್ಲ, ತೆರೆದ ಮೇಲೂ ಕೆಲವು ವಾರ ಕೆಡುವುದಿಲ್ಲ. ಕೊಳ್ಳುವಾಗ ತುಂಬಿದ ದಿನಾಂಕ ನೋಡಿ, ಚೀಲದ ವೈನ್ ವರ್ಷಗಟ್ಟಲೆ ಇಡುವಂಥದ್ದಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಧಾರಾಳವಾಗಿ ತಡೆಯುತ್ತದೆ.

ಒಂದು ವೈನ್ ಮೆಚ್ಚಿಗೆಯಾದರೆ ಆ ವರ್ಷದ್ದೇ ನಾಲ್ಕಾರು ಬಾಟಲಿ ತಂದು, ಕತ್ತಲೆ, ತಂಪು ಇರುವ ಕಡೆ ಮಲಗಿಸಿಡಿ. ಮುಂದಿನ ವರ್ಷದ್ದು ಅಂಗಡಿಗೆ ಬಂದಾಗ ಹಳೆಯ ನಂಬಿಕೆಯ ಮೇಲೆ ಪೆಟ್ಟಿಗೆಗಟ್ಟಲೆ ಕೊಳ್ಳಬೇಡಿ. ಮಳೆ, ಬಿಸಿಲು ಬೇರೆಯಾಗಿದ್ದರೆ ವೈನ್ ಕೂಡ ಬೇರೆಯೇ. ಒಂದು ಬಾಟಲಿ ತಂದು, ಉಳಿಸಿಕೊಂಡ ಹಳೆಯದೊಂದರ ಪಕ್ಕ ಇಟ್ಟು ರುಚಿ ನೋಡಿ, ಆಮೇಲೆ ಉಳಿದದ್ದು ತನ್ನಿ.