ಲೇತ್ ಮುಂದೆ ಕಲಿತ ಇಂಗ್ಲಿಷ್: ಪೋಲೆಂಡಿನ ಶಿಕ್ಷಕರೊಂದಿಗೆ ನಾಲ್ಕು ವರ್ಷ

ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ವಿಭಾಗಕ್ಕೆ ಇಂಗ್ಲಿಷ್ ಪಾಠ ಮಾಡುವ ನಾನು, ಪೋಲೆಂಡಿನ ಒಂದು ತಾಂತ್ರಿಕ ಶಾಲೆಯ ಇಬ್ಬರು ಶಿಕ್ಷಕರ ಜೊತೆ ಸೇರಿ ವರ್ಕ್‌ಶಾಪಿನ ವಿಷಯದ ಮೂಲಕವೇ ಇಂಗ್ಲಿಷ್ ಕಲಿಸಲು ಹೊರಟಾಗ, ಸ್ಟಾಫ್ ರೂಮಿನಲ್ಲಿ ಬೆನ್ನು ತಟ್ಟಿದವರು ಯಾರೂ ಇರಲಿಲ್ಲ. ‘ಲೇತ್ ಮುಂದೆ ನಿಲ್ಲುವ ಹುಡುಗನಿಗೆ ಇಂಗ್ಲಿಷ್ ಯಾಕೆ ಮೇಡಂ, ಕೈ ಓಡಿದರೆ ಸಾಕು’ ಎಂದವರೇ ಹೆಚ್ಚು (ಲೇತ್ ಎಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ). ಯೂರೋಪಿನಲ್ಲಿ 1994ರಿಂದ ಕ್ಲಿಲ್ (ವಿಷಯ ಮತ್ತು ಭಾಷೆಯನ್ನು ಒಟ್ಟಿಗೆ ಕಲಿಸುವುದು) ಎಂಬ ಹೆಸರಿನಲ್ಲಿ ನಡೆದುಬಂದಿರುವ ಈ ಕ್ರಮ ನಮ್ಮಲ್ಲಿ ಫಲ ಕೊಟ್ಟದ್ದು ನಾಲ್ಕನೆಯ ವರ್ಷದಲ್ಲಿ.

ಮೊದಲ ಎರಡು ವರ್ಷಗಳ ಹಣ ನೀರುಪಾಲಾಯಿತು. ಮೈಕು, ಕ್ಯಾಮೆರಾ, ಡೇಟಾ ಎಂದು ಸುಮಾರು 14,000 ರೂಪಾಯಿ ನನ್ನ ಕೈಯಿಂದಲೇ ಹೋಯಿತು. ಅನುದಾನಕ್ಕೆ ಹಾಕಿದ ಅರ್ಜಿಗೆ ಉತ್ತರವೇ ಬರಲಿಲ್ಲ. ಪೋಲೆಂಡಿನವರ ಜೊತೆ ನೇರ ಮಾತಿಗೆಂದು ಅರವತ್ತು ವಿದ್ಯಾರ್ಥಿಗಳನ್ನು ಒಂದು ಪರದೆಯ ಮುಂದೆ ಕೂರಿಸಿದರೆ ಮುಂದಿನ ಬೆಂಚಿನ ಇಬ್ಬರು ಹೆಸರು, ಊರು ಹೇಳುತ್ತಿದ್ದರು, ಉಳಿದವರು ಮೌನವಾಗಿರುತ್ತಿದ್ದರು. ಪೋಲೆಂಡಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು ಗಡಿಯಾರ ಬದಲಿಸುವುದರಿಂದ ಚಳಿಗಾಲದ ನಾಲ್ಕೂವರೆ ಗಂಟೆಯ ಅಂತರ ಬೇಸಿಗೆಯಲ್ಲಿ ಮೂರೂವರೆಗೆ ಇಳಿಯುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಎರಡು ತರಗತಿಗಳನ್ನು ಕಳೆದುಕೊಂಡೆವು. ಇದಕ್ಕಿಂತ ದೊಡ್ಡ ತಪ್ಪೆಂದರೆ, ಎರಡೂ ಕಡೆ ಇಂಗ್ಲಿಷ್ ಶಿಕ್ಷಕರಷ್ಟೇ ಕುಳಿತು ಪಾಠ ಬರೆದದ್ದು. ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಇಲ್ಲದೆ ಬರೆದ ಆ ಪಾಠದಲ್ಲಿ ಯಂತ್ರದ ಭಾಗಗಳ ಹೆಸರುಗಳಿದ್ದವೇ ಹೊರತು ಕೆಲಸವಿರಲಿಲ್ಲ.

ಮೂರನೆಯ ವರ್ಷ ನೇರ ಸಂಭಾಷಣೆಯನ್ನು ಕೈಬಿಟ್ಟು, ಎರಡೂ ಕಡೆಯ ಇನ್‌ಸ್ಟ್ರಕ್ಟರುಗಳನ್ನು ಸೇರಿಸಿಕೊಂಡೆವು. ಮಾಡಬೇಕಾದ ತುಂಡಿನ ಅಳತೆಗಳಿರುವ ಡ್ರಾಯಿಂಗ್ ನಮ್ಮ ವಿದ್ಯಾರ್ಥಿಗಳ ಬಳಿಯೇ ಇರುತ್ತದೆ; ಅದನ್ನು ನೋಡಿ ಅವರು ಕೆಲಸದ ಹಂತಗಳನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಾರೆ, ಪೋಲೆಂಡಿನವರು ಡ್ರಾಯಿಂಗ್ ನೋಡದೆ, ಬರೆದಿರುವಂತೆಯೇ ಲೇತ್ ಮೇಲೆ ಮಾಡಿ, ಅಳತೆ ತೋರಿಸುವ ವರ್ನಿಯರ್ ಉಪಕರಣ ಹಿಡಿದ ಫೋಟೋ ಕಳಿಸುತ್ತಾರೆ. ಮುಂದಿನ ವಾರ ಅವರು ಬರೆಯುತ್ತಾರೆ, ನಾವು ಮಾಡುತ್ತೇವೆ.

ಮೊದಲ ಫೋಟೋ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ. 25 ಮಿ.ಮೀ. ವ್ಯಾಸದ ಸರಳನ್ನು 20ಕ್ಕೆ ಇಳಿಸಬೇಕಿತ್ತು, ನಮ್ಮ ಹುಡುಗ ‘ರೆಡ್ಯೂಸ್ ಬೈ 20’ ಎಂದು ಬರೆದಿದ್ದ. ಅವರ ಇನ್‌ಸ್ಟ್ರಕ್ಟರ್ ಸಣ್ಣ ಸಣ್ಣ ಕಟ್ ಕೊಡುತ್ತಾ ಬರೆದಂತೆಯೇ ಇಳಿಸಿದ್ದರು. ಪೆನ್ಸಿಲ್‌ಗಿಂತ ತೆಳ್ಳಗಾದ 5 ಮಿ.ಮೀ. ತುದಿ ಟೂಲಿನ ಒತ್ತಡಕ್ಕೆ ಬಾಗಿತ್ತು. ನಾನು ಬೋರ್ಡಿನ ಮೇಲೆ ‘ಇಪ್ಪತ್ತು ಇಳಿಸು’, ‘ಇಪ್ಪತ್ತಕ್ಕೆ ಇಳಿಸು’ ಎಂದು ಎರಡು ಸಾಲು ಬರೆದೆ, ಅಷ್ಟೆ. ಕನ್ನಡದಲ್ಲಿ ಒಂದು ‘ಕ್ಕೆ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಟು’ ಮಾಡುತ್ತದೆ ಎಂಬುದನ್ನು ಆ ಬ್ಯಾಚಿನವರು ಮತ್ತೆ ಮರೆಯಲಿಲ್ಲ. ನಮ್ಮ ವರ್ಕ್‌ಶಾಪಿನ ‘ಜಾಬ್’ ಎಂಬ ಮಾತೂ ಅವರಿಗೆ ಅರ್ಥವಾಗಲಿಲ್ಲ. ನಾವು ಲೇತಿನ ಚಕ್‌ಗೆ (ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ) ಕಚ್ಚಿಸುವ ಕಬ್ಬಿಣದ ತುಂಡನ್ನು ಹೇಳಿದರೆ ಅವರು ಉದ್ಯೋಗವೆಂದು ತಿಳಿದರು. ಅವರು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುವುದರಿಂದ 12,5 ಎಂಬುದನ್ನು ನಮ್ಮವರು ಎರಡು ಬೇರೆ ಅಳತೆಗಳೆಂದು ಓದಿ ಒಂದು ಸರಳನ್ನು ಹಾಳುಮಾಡಿದರು. ನನ್ನ ಕೆಂಪು ಶಾಯಿ ತಿದ್ದಲಾರದ್ದನ್ನು ಆ ಸರಳು ತಿದ್ದಿತು.

ಮಾಡಿದ ತುಂಡನ್ನೇ ಕೊರಿಯರ್‌ನಲ್ಲಿ ತರಿಸುವ ಪ್ರಯತ್ನವನ್ನೂ ಒಮ್ಮೆ ಮಾಡಿದೆವು. ಸುಮಾರು 2,800 ರೂಪಾಯಿ ಆಯಿತು, ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಲೇತ್ ಓಡುತ್ತಿರುವಾಗಲೇ ಧ್ವನಿ ಸಂದೇಶ ಕಳಿಸುವುದು ಸದ್ದಿನಿಂದಾಗಿ ಕೆಟ್ಟಿತು. ಯಂತ್ರ ನಿಲ್ಲಿಸಿ, ಈಗ ತಾನೇ ಮಾಡಿದ್ದನ್ನು ಅರ್ಧ ನಿಮಿಷದಲ್ಲಿ ಹೇಳಿಸಿದಾಗ ಬಾಯಿ ಬಿಡದವರೂ ಮಾತನಾಡಿದರು. ಯಾರನ್ನು ಯಾರ ಜೊತೆ ಜೋಡಿ ಮಾಡುತ್ತೇನೆ, ಡ್ರಾಯಿಂಗಿನಲ್ಲಿ ಯಾವ ಅಳತೆಯನ್ನು ಬೇಕೆಂದೇ ಮುಚ್ಚುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನಾಲ್ಕು ವರ್ಷದ ದುಡಿಮೆಯ ಗಳಿಕೆ.

ಮೊದಲ ಸಲ ಅರವತ್ತರಲ್ಲಿ ಆರೇಳು ಜನರ ಬರಹವನ್ನಷ್ಟೇ, ಮರುಪ್ರಶ್ನೆ ಕೇಳದೆ, ಕೆಲಸಕ್ಕಿಳಿಸಲು ಸಾಧ್ಯವಾಗಿತ್ತು. ಕಳೆದ ಸೆಮಿಸ್ಟರಿನಲ್ಲಿ ಆ ಸಂಖ್ಯೆ ನಲವತ್ತೈದರ ಆಸುಪಾಸಿನಲ್ಲಿತ್ತು. ಇಂಗ್ಲಿಷ್ ಪಠ್ಯವೊಂದನ್ನೇ ನಂಬಿ ಪಾಠ ಮಾಡಿದ ಯಾವ ವರ್ಷವೂ ನಾನು ಇಂಥ ಫಲವನ್ನು ಕಂಡಿರಲಿಲ್ಲ. ‘ಕೈ ಓಡಿದರೆ ಸಾಕು’ ಎಂದಿದ್ದ ವೆಲ್ಡಿಂಗ್ ವಿಭಾಗದ ಸಹೋದ್ಯೋಗಿ ಕಳೆದ ತಿಂಗಳು ತಾವೇ ಬಂದು ನಮ್ಮ ಹಂತಪಟ್ಟಿಯ ನಮೂನೆಯನ್ನು ಕೇಳಿ ಪಡೆದಿದ್ದಾರೆ. ಅವರ ಮೊದಲ ಬ್ಯಾಚಿನ ಬರಹ ಸೋಮವಾರ ಪೋಲೆಂಡಿಗೆ ಹೋಗುತ್ತದೆ.