ಕ್ರಿತಾದಲ್ಲಿ ಕಾವಿ ಬಳ್ಳಿ: ಒಂದೇ ಎಲೆ, ನೂರು ಕಡೆ

ಕ್ರಿತಾದಂಥ ಪೇಂಟಿಂಗ್ ಸಾಫ್ಟ್‌ವೇರ್‌ನಲ್ಲಿ ವೆಕ್ಟರ್ (ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಗೆರೆ, ಆಕಾರ) ಯಾಕೆ ಅಂತ ಫ್ಲೆಕ್ಸ್ ಮಾಡುವ ಗೆಳೆಯರೆಲ್ಲ ಕೇಳಿದ್ದರು. ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣ್ತದೆ ಮಾರಾಯಾ ಅಂದವರೂ ಇದ್ದಾರೆ. ಈ ಸಲ ಜಾತ್ರೆ ಸೀಸನ್ನಿನ ಕೆಲಸ ಪೂರ್ತಿ ವೆಕ್ಟರಿನಲ್ಲೇ ಜೋಡಿಸಿ ಕೊಟ್ಟೆ. ಒಂದೂ ವಾಪಸ್ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹೆಚ್ಚಾಗಿ ಕಾವಿ ಶೈಲಿಯ ಅಂಚು, ಹೂವು, ಬಳ್ಳಿ. ಶಿರಸಿ ಮಾರಿಕಾಂಬಾ ಗುಡಿಯ ಗೋಡೆ ನೋಡಿದವರಿಗೆ ಗೊತ್ತು. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿ ತೆಗೆಯುವುದು. ಬಣ್ಣ ಒಂದೇ, ಅಂಚು ಚೂಪು, ಷೇಡ್ ಇಲ್ಲ. ವೆಕ್ಟರಿಗೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ?

ಮೊದಲು ಪೇಂಟ್ ಲೇಯರಿನಲ್ಲೇ (ಚುಕ್ಕಿಗಳಿಂದಾದ ಮಾಮೂಲಿ ಪದರ) ಬರೆದು ಕಾಪಿ ಮಾಡುತ್ತಿದ್ದೆ. ಆಮಂತ್ರಣಕ್ಕೆ ಸರಿ, ಅದನ್ನೇ ಫ್ಲೆಕ್ಸಿಗೆ ಎಳೆದರೆ ಮಸುಕು. ಆಮೇಲೆ ಎಲೆಯನ್ನೇ ಮುದ್ರೆ ಒತ್ತುವ ಸ್ಟ್ಯಾಂಪ್ ಬ್ರಷ್ ಮಾಡಿದೆ, ಸೈಜ್ ಜಾಸ್ತಿ ಮಾಡಿದರೆ ನನ್ನ ಹಳೆ ಲ್ಯಾಪ್‌ಟಾಪ್ ಉಸಿರು ಬಿಡುತ್ತಿತ್ತು. ಪೂರ್ತಿ ಇಂಕ್‌ಸ್ಕೇಪ್ ಎಂಬ ವೆಕ್ಟರ್ ಸಾಫ್ಟ್‌ವೇರ್‌ನಲ್ಲೇ ಬರೆದೂ ನೋಡಿದೆ. ಗೆರೆ ಚೊಕ್ಕ, ಜೀವ ಇಲ್ಲ. ಮತ್ತೆ ಗಿರಾಕಿ "ಎಲೆ ಸ್ವಲ್ಪ ದಪ್ಪ ಮಾಡಿ" ಅಂದಾಗಲೆಲ್ಲ ಎಕ್ಸ್‌ಪೋರ್ಟ್ ಮಾಡಿ ಕ್ರಿತಾಕ್ಕೆ ತರುವ ಗೋಳು. ಒಂದು ಅಂಚಿಗೆ ಹತ್ತಿರ ಹತ್ತಿರ ಎರಡು ದಿನ, ಸಿಗುತ್ತಿದ್ದದ್ದು ಸಾವಿರದ ಐನೂರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದಕ್ಕೂ ಜಾಸ್ತಿ ದಿನ.

ಈಗ ಹೀಗೆ. ಕ್ರಿತಾದೊಳಗೆ ಸಿಂಬಲ್ ಲೈಬ್ರರಿ (ಬೇಕಾದಾಗ ಎಳೆದು ಬಳಸುವ ವೆಕ್ಟರ್ ತುಂಡುಗಳ ಸಂಗ್ರಹ) ಮಾಡಲು ಬರುವುದಿಲ್ಲ, ಇಂಕ್‌ಸ್ಕೇಪ್ ಬೇಕೇ ಬೇಕು. ಅಲ್ಲಿ ಇಡೀ ಬಳ್ಳಿ ಬರೆಯಬೇಡಿ. ಎಲೆ, ಮೊಗ್ಗು, ಸುರುಳಿ, ಬಿಡಿ ಬಿಡಿ ತುಂಡು. ನನ್ನ ಹತ್ತಿರ ಸುಮಾರು ನಲವತ್ತು ಇವೆ. ಇಡೀ ಬಳ್ಳಿ ಮತ್ತೆ ಮತ್ತೆ ಬಂದರೆ ಕಣ್ಣು ಕೂಡಲೇ ಹಿಡಿಯುತ್ತದೆ, ತುಂಡುಗಳನ್ನು ತಿರುಗಿಸಿ ಮಗುಚಿ ಜೋಡಿಸಿದರೆ ಹಿಡಿಯುವುದಿಲ್ಲ. ಸ್ಟ್ರೋಕ್ (ಬರೀ ದಪ್ಪ ಕೊಟ್ಟ ಗೆರೆ) ಇದ್ದರೆ ಪಾತ್ (ತುಂಬಿದ ಆಕಾರ) ಮಾಡಿಬಿಡಿ, ಇಲ್ಲದಿದ್ದರೆ ದೊಡ್ಡ ಚಿಕ್ಕ ಮಾಡುವಾಗ ಗೆರೆಯ ದಪ್ಪ ಕೈಕೊಡುತ್ತದೆ. ಒಂದೊಂದನ್ನೂ ಸಿಂಬಲ್ ಮಾಡಿ, ಹೆಸರಿಟ್ಟು, ಆ ಎಸ್‌ವಿಜಿ (ವೆಕ್ಟರ್ ಚಿತ್ರದ) ಫೈಲನ್ನು ಕ್ರಿತಾದ ರಿಸೋರ್ಸ್ ಫೋಲ್ಡರಿನ "ಸಿಂಬಲ್ಸ್" ಒಳಗೆ ಹಾಕಿ ಕ್ರಿತಾ ಮುಚ್ಚಿ ತೆರೆದರೆ ವೆಕ್ಟರ್ ಲೈಬ್ರರಿ ಡಾಕರಿನಲ್ಲಿ (ಬದಿಯ ಫಲಕದಲ್ಲಿ) ಕಾಣುತ್ತದೆ. ಎಳೆದು ಕ್ಯಾನ್ವಾಸಿಗೆ ಬಿಟ್ಟರೆ ಆಯಿತು.

ಸ್ಟಿಕ್ಕರ್ ಥರ ಕಾಣುವ ದೋಷ? ಜೋಡಿಸಿದ್ದೆಲ್ಲ ಮುಗಿದ ಮೇಲೆ ವೆಕ್ಟರ್ ಲೇಯರಿನ ನಕಲು ತೆಗೆದು ಪೇಂಟ್ ಲೇಯರ್ ಮಾಡಿ, ಎರೇಸರಿನಿಂದ ಅಂಚು ಕೆರೆಯುತ್ತೇನೆ, ಗೋಡೆಯಲ್ಲಿ ಕೆರೆದ ಹಾಗೇ. ಆ ಬ್ರಷ್ಷಿನ ಸೆಟ್ಟಿಂಗ್ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಒಂದು ವಿಷಯ: ಲೈಬ್ರರಿಯಿಂದ ಎಳೆದದ್ದು ಬರೀ ನಕಲು. ಮೂಲ ತಿದ್ದಿದರೆ ಹಳೆ ಚಿತ್ರ ಬದಲಾಗದು. ಬದಲಾಗಲೇಬೇಕು ಅಂದರೆ ಫೈಲ್ ಲೇಯರ್ (ಹೊರಗಿನ ಫೈಲಿಗೆ ಕೊಂಡಿ ಇರುವ ಪದರ) ಬಳಸಿ. ಕೊನೇ ಗಳಿಗೆಯಲ್ಲಿ ಬದಲಾಗುವ ಪ್ರಾಯೋಜಕರ ಲೋಗೋ ನಾನು ಹಾಗೇ ಇಡುವುದು.

ಅದೇ ಅಂಚು ಈಗ ಅರ್ಧ ದಿನದ ಕೆಲಸ. ರೇಟು ಎರಡು ಸಾವಿರ ಮಾಡಿದ್ದೇನೆ, ಯಾರೂ ತಕರಾರು ಮಾಡಿಲ್ಲ.

ಸುಮ್ನೆ ಯಕ್ಷಗಾನದ ಪೋಸ್ಟರಿಗೂ ಮಾಡಿ ನೋಡಿದೆ. ಭುಜಕೀರ್ತಿ ಒಂದು ಬರೆದು ಮಗುಚಿದರೆ ಇನ್ನೊಂದು ಬಂತು, ಭರ್ಜರಿಯಾಯಿತು. ಕಣ್ಣು, ಮೀಸೆಗೂ ಸಿಂಬಲ್ ಮಾಡಿದೆ, ಕರ್ಣ ಅರ್ಜುನ ಇಬ್ಬರೂ ಅವಳಿಜವಳಿ! ಮುಖ ಈಗಲೂ ಕೈಯಲ್ಲೇ ಬರೆಯುತ್ತೇನೆ, ಅದಕ್ಕೆ ಬೇರೆ ರೇಟು.